ತಡವಾಗಿ ಬೀಳುವ ನಾಲ್ಕನೇ ಪೆಟ್ಟು

ಬಸ್ ನಿಲ್ದಾಣದಲ್ಲಿ ಪ್ರತಿ ಘೋಷಣೆಗೂ ಮುಂಚೆ ಏಳು ಸೆಕೆಂಡಿನ ಒಂದು ರಾಗ ಬರುತ್ತಿತ್ತು. ಮೂರು ಪೆಟ್ಟು ಸರಿಯಾಗಿ, ನಾಲ್ಕನೆಯದು ಒಂದು ಕೂದಲೆಳೆ ತಡವಾಗಿ. ಮಿಕ್ಕವರಿಗೆ ಅದು ಚೀಲ ಎತ್ತಿಕೊಂಡು ಏಳಬೇಕೆನ್ನುವ ಸೂಚನೆ ಅಷ್ಟೇ. ಸ್ಪ್ಯಾನರಕ್ಕನಿಗೆ ಮಾತ್ರ ಅದು ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಕೆಂಡ ಮಗುಚಿದಂತಾಗುತ್ತಿತ್ತು. ಕೆಲಸಕ್ಕೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಹೀಗೆ ಹನ್ನೆರಡು ವರ್ಷ.

ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಮೆಕ್ಯಾನಿಕ್. ಆ ವಿಭಾಗದಲ್ಲಿದ್ದ ಒಬ್ಬಳೇ ಹೆಂಗಸು. ಜೇಬಿನಲ್ಲಿ ಸದಾ ಸ್ಪ್ಯಾನರ್ ಇರುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ಈಗ ಸಂಬಳದ ಚೀಟಿ ಕೊಡುವವನೂ ಹಾಗೆಯೇ ಕರೆಯುತ್ತಿದ್ದ. ಯಂತ್ರ ಬಿಚ್ಚುವ ಮೊದಲೇ ಸದ್ದು ಕೇಳಿ ರೋಗ ಹೇಳುವವಳು. "ಇದಕ್ಕೆ ಬೆಲ್ಟ್ ಸಡಿಲ, ಅದಕ್ಕೆ ಎಣ್ಣೆ ಇಲ್ಲ, ಆ ಮೂಲೆಯದಕ್ಕೆ ಮಾಲೀಕರ ಶಾಪ" ಎಂದು ಸಾಲಿನುದ್ದಕ್ಕೂ ಹೇಳುತ್ತಾ ಹೋದರೆ ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು.

ಅವಳ ಅಕ್ಕನ ಗಂಡನಿಗೆ ಒಂದು ರೆಕಾರ್ಡಿಂಗ್ ಸ್ಟುಡಿಯೋ ಇತ್ತು. ಚಿಕ್ಕಂದಿನಲ್ಲಿ ಶಾಲೆಯ ಹಾರ್ಮೋನಿಯಂ ಮೇಲೆ ಕೈ ಆಡಿಸಿದ್ದ ಸ್ಪ್ಯಾನರಕ್ಕ ಆಗೆಲ್ಲ ಭಾನುವಾರ ಅಲ್ಲಿಗೆ ಹೋಗಿ ಕೀಬೋರ್ಡ್ ನುಡಿಸುತ್ತಿದ್ದಳು. ಬಾಡಿಗೆ ಕಲಾವಿದರು ಬಾರದ ದಿನ ಭಾವನೇ ಕರೆಸುತ್ತಿದ್ದ. ಕೂಲಿ ಎಂದರೆ ಒಂದು ಲೋಟ ಕಾಫಿ. ಅವಳು ಯಾವತ್ತೂ ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಅಂಥ ಒಂದು ಭಾನುವಾರ, ಕಾರ್ಖಾನೆಯ ಹನ್ನೊಂದನೇ ನಂಬರಿನ ಗುಂಡಿ ಹೊಲಿಯುವ ಯಂತ್ರ ಕುಂಟುವ ರೀತಿಯನ್ನು ಭಾವನಿಗೆ ತಮಾಷೆಗೆ ನುಡಿಸಿ ತೋರಿಸಿದಳು. ಒಳಗಿನ ಉಕ್ಕಿನ ಬಿಲ್ಲೆಯೊಂದು ಸವೆದು ಆ ಯಂತ್ರ ನಾಲ್ಕನೇ ಪೆಟ್ಟನ್ನು ತಡಮಾಡಿ ಹೊಡೆಯುತ್ತಿತ್ತು. ಅದರ ಮೇಲೆ ನಾಲ್ಕು ಸ್ವರ ಹಾಕಿ ನಕ್ಕು, ಕಾಫಿ ಕುಡಿದು ಮನೆಗೆ ಬಂದಳು.

ಮೂರು ತಿಂಗಳಿಗೆ ಅದೇ ರಾಗ ಬಸ್ ನಿಲ್ದಾಣದಲ್ಲಿ ಮೊಳಗಿತು. ಗೋಡೆಯ ಮೇಲೆ ಭಾವನ ಹೆಸರಿನ ಹಿತ್ತಾಳೆ ಫಲಕ.

ಅವಳು ಸೀದಾ ಅಕ್ಕನ ಮನೆಗೆ ಹೋದಳು. ಅಲ್ಲಿ ಎಂಟು ಹತ್ತು ಜನ ಊಟಕ್ಕೆ ಕೂತಿದ್ದರು.

"ಭಾವ, ಅದು ನಾನು ನುಡಿಸಿದ್ದಲ್ವಾ?"

ಭಾವ ಬಡಿಸುವ ಸೌಟು ಕೆಳಗಿಡದೆಯೇ ನಕ್ಕ. "ಕೀಬೋರ್ಡ್ ಯಾರದು? ನಂದು. ಮೈಕ್ ಯಾರದು? ನಂದು. ಮತ್ತೆ ಅದರಿಂದ ಬಂದಿದ್ದು ಯಾರದಾಗುತ್ತೆ? ನಿನ್ನ ಕೈಗೆ ಸ್ಪ್ಯಾನರೇ ಚೆಂದ ಕಣಮ್ಮ."

ಕೂತವರೆಲ್ಲ ನಕ್ಕರು. ಅಕ್ಕ ನಗಲಿಲ್ಲ, ತಟ್ಟೆಯನ್ನೇ ನೋಡುತ್ತಿದ್ದಳು. ಸ್ಪ್ಯಾನರಕ್ಕ ಅವತ್ತು ಚಪ್ಪಲಿ ಮೆಟ್ಟಿ ಹೊರಟವಳು ಆ ಸ್ಟುಡಿಯೋದತ್ತ ತಲೆ ಹಾಕಲಿಲ್ಲ. ನೆಂಟರ ಮನೆಯಲ್ಲಿ ಎದುರಾದರೆ "ಚೆನ್ನಾಗಿದ್ದೀರಾ ಭಾವ" ಎನ್ನುತ್ತಿದ್ದಳು. ಆ ಮಾತು ಹೇಳುವಾಗ ಹಲ್ಲು ಕಚ್ಚಿಕೊಂಡೇ ಇರುತ್ತಿದ್ದಳು.

ಹನ್ನೆರಡನೇ ವರ್ಷ ಒಂದು ಸಂಜೆ ಅಡುಗೆಮನೆಯ ರೇಡಿಯೋದಲ್ಲಿ ಭಾವನ ಸಂದರ್ಶನ ಬಂತು. "ಆ ರಾಗ ನನ್ನ ತಾಯಿ ಬಟ್ಟೆ ಒಗೆಯೋ ಸದ್ದಿನಿಂದ ಹುಟ್ಟಿತು" ಎಂದು ಅವನು ಗದ್ಗದಿತನಾಗಿ ಹೇಳಿದ. ಸ್ಪ್ಯಾನರಕ್ಕ ಹೆಚ್ಚುತ್ತಿದ್ದ ಈರುಳ್ಳಿಯನ್ನು ಹಾಗೇ ಬಿಟ್ಟಳು.

"ಅವರಮ್ಮ ಜನ್ಮದಲ್ಲಿ ಒಂದು ಕರ್ಚೀಫು ಒಗೆದವರಲ್ಲ," ಎಂದಳು ಗಂಡನಿಗೆ. "ರೀ, ನನಗೆ ನನ್ನದೇ ಸಾಮಾನು ಬೇಕು. ಒಂದೊಂದು ವೈರೂ ನಂದೇ ಆಗಿರಬೇಕು."

ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ನಿಧಾನಸ್ಥ. "ಎಷ್ಟರೊಳಗೆ?" ಎಂದು ಕೇಳಿದ.

"ನನ್ನ ಒಂದು ತಿಂಗಳ ಸಂಬಳದೊಳಗೆ. ಅದರ ಮೇಲೆ ಒಂದು ಕಾಸೂ ಇಲ್ಲ."

"ಹಾಗಾದ್ರೆ ಆ ತಿಂಗಳು ನನ್ನ ಸಂಬಳದಲ್ಲಿ ಊಟ. ಸ್ವಲ್ಪ ಕಮ್ಮಿ ತಿನ್ನು."

ಮುಂದಿನ ಶನಿವಾರ ಇಬ್ಬರೂ ಹಳೇ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗೆ ಹೋದರು. ಅಂಗಡಿಯವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒತ್ತುವ ಮನೆಗಳು ಅರವತ್ತೊಂದಿದ್ದ ದೊಡ್ಡ ಕೀಬೋರ್ಡ್ ಹೊರತೆಗೆದ. ಒತ್ತಿದರೆ ಬಣ್ಣಬಣ್ಣದ ದೀಪ.

"ಮಕ್ಕಳಿಗೆ ತುಂಬಾ ಇಷ್ಟ ಆಗುತ್ತೆ ಅಮ್ಮ."

"ಮಕ್ಕಳಿಗಲ್ಲ, ನನಗೆ. ದೀಪ ಬೇಡ. ಕಂಪ್ಯೂಟರಿಗೆ ಸಿಕ್ಕಿಸೋದು ಕೊಡಿ, ಸದ್ದು ಅದರೊಳಗೇ ಹುಟ್ಟಲಿ."

ಅವನು ಮೇಲಿನ ಅಟ್ಟದಿಂದ ಇಪ್ಪತ್ತೈದೇ ಮನೆಯ ಪುಟ್ಟದೊಂದನ್ನು ಇಳಿಸಿದ. ಸ್ಪ್ಯಾನರಕ್ಕ ಒಂದೊಂದನ್ನೂ ಒತ್ತಿ, ಕಿವಿ ಹತ್ತಿರ ತಂದು ಸ್ಪ್ರಿಂಗಿನ ಸದ್ದು ಕೇಳಿದಳು. ಒಂದು ಮನೆ ಸತ್ತಿತ್ತು. ಒಳಗಿನ ರಬ್ಬರಿನ ಮೇಲೆ ಕೊಳೆ ಕೂತಿದೆಯೆಂದು ಅವಳಿಗೆ ಗೊತ್ತಾಯಿತು. ಬಾಯಿ ಬಿಡದೆ ಆ ಸತ್ತ ಮನೆಯನ್ನೇ ಮತ್ತೆ ಮತ್ತೆ ಒತ್ತಿ ತೋರಿಸಿ ಬೆಲೆ ಅರ್ಧಕ್ಕೆ ಇಳಿಸಿದಳು. ಮೈಕಿನ ಸದ್ದನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆಗಳು ನಾಲ್ಕಿದ್ದವು. ನಾಲ್ಕಕ್ಕೂ ಹೆಡ್‌ಫೋನ್ ಹಾಕಿ, ಗುಂಡಿ ಪೂರ್ತಿ ತಿರುಗಿಸಿ, ಏನೂ ನುಡಿಸದೆ ಬರೀ ಮೌನವನ್ನು ಕೇಳಿದಳು. ಎರಡು ಹುರಿಯುವ ಬಾಣಲೆಯಂತೆ ಸುಂಯ್‌ಗುಟ್ಟಿದವು. ಒಂದರ ಗುಂಡಿ ಕರಕರ ಎಂದಿತು. ಎಲ್ಲಕ್ಕಿಂತ ಕುರೂಪಿಯಾಗಿದ್ದ ನಾಲ್ಕನೆಯದು ಸದ್ದಿಲ್ಲದೆ ಇತ್ತು. ಅದೇ ಆಯಿತು.

ಸ್ಟುಡಿಯೋಗಳಲ್ಲಿರುವಂಥ ನಾಜೂಕಿನ ಮೈಕ್ ಅವಳು ಮುಟ್ಟಲಿಲ್ಲ. ಯಂತ್ರಗಳ ಸದ್ದು ಹಿಡಿಯಲು ಕಾರ್ಖಾನೆಗೆ ಒಯ್ದರೆ ಅದು ಪಕ್ಕದ ಸಾಲಿನವರ ಕೆಮ್ಮನ್ನೂ ಹಿಡಿಯುತ್ತದೆ. ಎದುರಿಗಿಟ್ಟಿದ್ದನ್ನು ಮಾತ್ರ ಕೇಳುವ, ಭಾಷಣಕಾರರು ಹಿಡಿಯುವಂಥ ಒರಟು ಮೈಕ್ ತೆಗೆದುಕೊಂಡಳು. ಸ್ಪೀಕರ್ ಸದ್ಯಕ್ಕೆ ಬೇಡವೆಂದು ಬಿಟ್ಟಳು. ಹೆಡ್‌ಫೋನಿನ ಮೆತ್ತೆ ಹರಿದಿತ್ತು, ಅದನ್ನು ತಾನೇ ಹೊಲಿದುಕೊಳ್ಳಬಹುದು. ಉಳಿದ ದುಡ್ಡಿಗೆ ಯಾವುದೋ ಕಚೇರಿ ಮಾರಿದ್ದ ಲ್ಯಾಪ್‌ಟಾಪ್ ಬಂತು.

"ಎಲ್ಲಕ್ಕೂ ಬೇರೆ ಬೇರೆ ಬಿಲ್ ಮಾಡಿ. ನನ್ನ ಹೆಸರಿಗೆ."

"ಹಳೇ ಸಾಮಾನಿಗೆ ಬಿಲ್ಲಾ? ಯಾಕಮ್ಮ, ಕೋರ್ಟಿಗೆ ಹೋಗ್ತೀರಾ?"

"ಹೋದ್ರೂ ಹೋದೆ. ಬರೀರಿ."

ಅಂಗಡಿಯವನು ಸದ್ದು ಜೋಡಿಸುವ ಕಳ್ಳ ಕಾಪಿ ಸಾಫ್ಟ್‌ವೇರ್ ಪುಕ್ಕಟೆ ಹಾಕಿಕೊಡುತ್ತೇನೆಂದಾಗಲೂ ಬೇಡವೆಂದಳು. ಮೈಕಿನ ಪೆಟ್ಟಿಗೆಯ ಜೊತೆ ಬರುವ ಚಿಕ್ಕ ಆವೃತ್ತಿಯೇ ಸಾಕು. ಅದರಲ್ಲಿ ಸದ್ದಿನ ಎಂಟೇ ಪದರ ಕೂಡಿಸಬಹುದಾದರೂ ಸರಿ, ನಾಳೆ ಯಾರೂ ಬೆರಳು ತೋರಿಸಬಾರದು.

ಮುಂದಿನ ಎಂಟು ತಿಂಗಳ ಭಾನುವಾರಗಳು ಊಟದ ಮೇಜಿನ ಮೇಲೆ ಕಳೆದವು. ಮೊದಮೊದಲು ಅವಳು ಮಾಡಿದ್ದೆಲ್ಲ ಕೆಟ್ಟುಹೋದ ಮಿಕ್ಸಿಯಂತೆ ಕೇಳಿಸುತ್ತಿತ್ತು. ಗಂಡ ಹೆಡ್‌ಫೋನ್ ಹಾಕಿ ಕೇಳಿ, "ಪರವಾಗಿಲ್ಲ" ಎನ್ನುತ್ತಿದ್ದ. ಅವನ ಪರವಾಗಿಲ್ಲ ಎಂದರೆ ಕೆಟ್ಟದಾಗಿದೆ ಎಂದೇ ಅರ್ಥ. ಕೈ ಸೋತಾಗ, ಬಡಿಸುವ ಸೌಟು ಹಿಡಿದು ನಕ್ಕ ಭಾವನ ಮುಖವನ್ನು ಅವಳು ನೆನೆಸಿಕೊಳ್ಳುತ್ತಿದ್ದಳು. ಕೈಗೆ ಮತ್ತೆ ಕಸುವು ಬರುತ್ತಿತ್ತು.

ಹಾಗಿರುವಾಗ ನಿಲ್ದಾಣದ ಗೋಡೆಯ ಮೇಲೆ ಒಂದು ಪ್ರಕಟಣೆ ಕಂಡಿತು. ಹೊಸ ಕಟ್ಟಡದ ಪ್ರಯಾಣಿಕರ ಕೋಣೆಗೆ, ಹಳೆಯ ರಾಗವನ್ನೇ ಬೆಳೆಸಿದ ಮೂರು ನಿಮಿಷದ ಸಂಗೀತ ಬೇಕು. ಯಾರು ಬೇಕಾದರೂ ಕಳಿಸಬಹುದು. ಅವಳು ಅದನ್ನು ಎರಡೆರಡು ಸಲ ಓದಿದಳು. ಮರುದಿನವೇ ಕಾರ್ಖಾನೆಯ ಸ್ಟೋರ್ಸ್ ಸೂಪರ್‌ವೈಸರನ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಗೋಗರೆದು ಗುಜರಿ ಕೋಣೆಯ ಬಾಗಿಲು ತೆರೆಸಿದಳು. ಹನ್ನೊಂದನೇ ನಂಬರಿನ ಯಂತ್ರ ಅಲ್ಲಿ ಧೂಳು ಮೆತ್ತಿಕೊಂಡು ಕೂತಿತ್ತು. ಎಣ್ಣೆ ಹಾಕಿ, ಬೆಲ್ಟ್ ಏರಿಸಿ, ಸ್ವಿಚ್ ಒತ್ತಿದಳು. ಟಕ್, ಟಕ್, ಟಕ್... ಟಕ್. ಮೈಕನ್ನು ಸೂಜಿಯ ಪಕ್ಕದಲ್ಲೇ ಹಿಡಿದು ಹತ್ತು ನಿಮಿಷ ರೆಕಾರ್ಡ್ ಮಾಡಿದಳು. ಆ ಯಂತ್ರ ಯಾವತ್ತು ಗುಜರಿಗೆ ಬಿತ್ತೆಂದು ರಿಜಿಸ್ಟರಿನಲ್ಲಿ ನೋಡಿ, ಆ ಹಾಳೆಯ ನಕಲಿಗೆ ಸೂಪರ್‌ವೈಸರನ ಸಹಿ ಹಾಕಿಸಿಕೊಂಡಳು.

ಅರ್ಜಿಯ ಕೊನೆಯಲ್ಲಿ ಒಂದೇ ಸಾಲು ಬರೆದಳು: "ನಾಲ್ಕನೇ ಪೆಟ್ಟು ಏಕೆ ತಡ ಎಂಬುದನ್ನು ಖುದ್ದಾಗಿ ವಿವರಿಸುತ್ತೇನೆ." ಎಲ್ಲವನ್ನೂ ಕಾಗದದಲ್ಲೇ ಬರೆದು ಕಳಿಸಬಹುದಿತ್ತು. ಗಂಡನೂ ಹಾಗೇ ಹೇಳಿದ.

"ಬೇಡ. ಭಾವನೂ ಕಳಿಸೇ ಕಳಿಸ್ತಾರೆ. ಕಾರಣ ಮೊದಲು ಅವರ ಬಾಯಿಂದಲೇ ಬರಲಿ. ನಾನು ಎದುರಿಗೆ ಕೂತು ನೋಡಬೇಕು."

ಕಳಿಸಿದವರಲ್ಲಿ ಕೊನೆಗೆ ಉಳಿದದ್ದು ಇಬ್ಬರೇ, ಅವಳು ಮತ್ತು ಭಾವ. ಸಾರಿಗೆ ಕಚೇರಿಯ ಉದ್ದ ಮೇಜಿನ ಒಂದು ಕಡೆ ನಿಲ್ದಾಣದ ಮ್ಯಾನೇಜರ್ ಮತ್ತು ಧ್ವನಿ ವ್ಯವಸ್ಥೆ ನೋಡಿಕೊಳ್ಳುವ ಇಂಜಿನಿಯರಮ್ಮ. ಇನ್ನೊಂದು ಕಡೆ ಇಸ್ತ್ರಿ ಮಾಡಿದ ಅಂಗಿಯ ಭಾವ. ಅವಳನ್ನು ಕಂಡು ಅವನು, "ಏನಮ್ಮ, ಇಲ್ಲಿ ಫ್ಯಾನು ರಿಪೇರಿಗೆ ಬಂದ್ಯಾ?" ಎಂದ. ಅವಳು ನಕ್ಕು ಕುರ್ಚಿ ಎಳೆದುಕೊಂಡಳು.

ಇಂಜಿನಿಯರಮ್ಮ ಕೇಳಿದರು: "ಹಳೇ ರಾಗದಲ್ಲಿ ನಾಲ್ಕನೇ ಪೆಟ್ಟು ತಡವಾಗಿ ಬೀಳುತ್ತೆ. ನಿಮ್ಮ ಹೊಸದರಲ್ಲಿ ನೆಟ್ಟಗಾಗಿದೆ. ಯಾಕೆ ಸಾರ್?"

"ಓ, ಅದು ಅವತ್ತು ರೆಕಾರ್ಡಿಂಗಲ್ಲಿ ಆದ ತಪ್ಪು ಮೇಡಂ," ಭಾವ ಕೈ ಬೀಸಿದ. "ನನಗೆ ಹನ್ನೆರಡು ವರ್ಷದಿಂದ ಕಾಡ್ತಾ ಇತ್ತು. ಈಗ ಕಂಪ್ಯೂಟರಿಗೆ ಹಾಕಿ ಸರಿ ಮಾಡಿಬಿಟ್ಟೆ."

"ತಪ್ಪು ಅಂತೀರಾ?"

"ಶುದ್ಧ ತಪ್ಪು."

ಸ್ಪ್ಯಾನರಕ್ಕ ಒಂದು ಗುಟುಕು ನೀರು ಕುಡಿದಳು. ಆಮೇಲೆ ಲ್ಯಾಪ್‌ಟಾಪ್ ತೆರೆದು ಯಂತ್ರದ ಸದ್ದು ಹಾಕಿದಳು. ಇಂಜಿನಿಯರಮ್ಮ ಎದ್ದು ಬಂದು ಅದನ್ನೂ ಹಳೇ ರಾಗವನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟರು. ಪೆಟ್ಟಿನ ಕೆಳಗೆ ಪೆಟ್ಟು ಕೂತಿತು. ಕುಂಟು ಕೂಡ ಅಷ್ಟೇ ಅಳತೆ. ಸ್ಪ್ಯಾನರಕ್ಕ ರಿಜಿಸ್ಟರಿನ ನಕಲನ್ನು ಮೇಜಿನ ಮೇಲೆ ಸರಿಸಿದಳು. ಈ ರಾಗ ಹುಟ್ಟಿದ ವರ್ಷವೇ ಆ ಯಂತ್ರ ಗುಜರಿಗೆ ಬಿದ್ದಿತ್ತು, ಆ ಕುಂಟು ಈಚೆಗೆ ಮಾಡಿದ್ದಲ್ಲ.

"ಭಾವ ನಮ್ಮ ಕಾರ್ಖಾನೆಯ ಗೇಟು ದಾಟಿದವರಲ್ಲ ಸಾರ್," ಎಂದಳು ಮ್ಯಾನೇಜರಿಗೆ. "ಇದು ಅವರಿಗೆ ಹೇಗೆ ಗೊತ್ತಾಯ್ತು ಅಂತ ಅವರನ್ನೇ ಕೇಳಿ. ಅವರಮ್ಮ ಒಗೀತಿದ್ದ ಬಟ್ಟೆಗೆ ಗುಂಡಿ ಹೊಲಿಯೋ ಯಂತ್ರ ಏನಾದ್ರೂ ಕಟ್ಟಿದ್ರಾ?"

ಭಾವನ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕತ್ತು. "ಮನೆ ವಿಷಯ ಇದೆಲ್ಲ..." ಎಂದು ಶುರುಮಾಡಿ ಅರ್ಧಕ್ಕೇ ಎದ್ದ. ಅವಳು ಕಣ್ಣು ಕೀಳಲಿಲ್ಲ. ಅವನು ಕಾಗದಗಳನ್ನು ಜೋಡಿಸಿಕೊಂಡು, ಬಾಗಿಲನ್ನು ತಪ್ಪು ಕಡೆಗೆ ತಳ್ಳಿ, ಮತ್ತೆ ಎಳೆದು ಹೊರಗೆ ಹೋಗುವವರೆಗೂ ನೋಡಿದಳು. ಹೊಟ್ಟೆ ತಣ್ಣಗಾಯಿತು.

ಅವಳ ಮೂರು ನಿಮಿಷವೇ ಆಯ್ಕೆಯಾಯಿತು. ಹಳೇ ಫಲಕ ಮಾತ್ರ ಬದಲಾಗಲಿಲ್ಲ. ಆ ಕಡತ ಮುಚ್ಚಿಹೋಗಿದೆ ಎಂದರು. ಹಳೇ ಕಟ್ಟಡ ಕೆಡವುವಾಗ ಅದೂ ಹೋಗುತ್ತದೆ, ತಾನೇ ನಿಂತು ನೋಡುತ್ತೇನೆ ಎಂದಳು.

ಒಂದು ವಾರಕ್ಕೆ ಅಕ್ಕನ ಫೋನು ಬಂತು.

"ನಾಲ್ಕು ಜನರ ಮುಂದೆ ಅವರ ಮಾನ ಕಳೆದೆಯಲ್ಲೇ."

"ಕಳೆದೆ ಅಕ್ಕ. ಬೇಕಂತಲೇ ಕಳೆದೆ."

"ನನ್ನ ಮುಖ ನೋಡಿಯಾದ್ರೂ ಬಿಡಬಾರದಿತ್ತಾ?"

"ನಿನ್ನ ಮುಖ ನೋಡಿಯೇ ಹನ್ನೆರಡು ವರ್ಷ ಬಿಟ್ಟಿದ್ದೆ."

ಅಕ್ಕ ಅಳುತ್ತಿದ್ದಾಳೋ ಫೋನು ಇಟ್ಟಿದ್ದಾಳೋ ತಿಳಿಯಲಿಲ್ಲ. ಸ್ಪ್ಯಾನರಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ನಿಂತಿದ್ದಳು. ಕ್ಷಮೆ ಕೇಳಬೇಕೆನ್ನಿಸಲಿಲ್ಲ. ಅಕ್ಕ ಬೇಕೆನ್ನಿಸಿತು, ಅದು ಬೇರೆ ಮಾತು.

ಅಕ್ಕ ಆಮೇಲೆ ಫೋನು ಮಾಡಿಲ್ಲ. ತಂಗಿಯೂ ಮಾಡಿಲ್ಲ. ಹೊಸ ಕೆಲಸಕ್ಕೆ ಬಂದ ಹಣದಲ್ಲಿ ಸ್ಪ್ಯಾನರಕ್ಕ ಒಂದು ಜೊತೆ ಚಿಕ್ಕ ಸ್ಪೀಕರ್ ತಂದಿದ್ದಾಳೆ. ಭಾನುವಾರ ಬೆಳಿಗ್ಗೆ ಕಿಟಕಿ ತೆರೆದಿಟ್ಟು ನುಡಿಸುತ್ತಾಳೆ. ಯಾರ ಮೇಲೂ ಸಿಟ್ಟಿಲ್ಲದೆ ಒಂದು ರಾಗ ಮಾಡಲು ನೋಡುತ್ತಿದ್ದಾಳೆ. ಇನ್ನೂ ಕೈಗೆ ಹತ್ತಿಲ್ಲ. ಗಂಡ ಕೇಳಿ, ಪರವಾಗಿಲ್ಲ ಎನ್ನುತ್ತಾನೆ. ಅವಳು ಅಳಿಸಿ ಮತ್ತೆ ಶುರುಮಾಡುತ್ತಾಳೆ.