ಮಾಳಿಗೆ ಮೇಲಿನ ಟೇಶನ್

ಇಳಕಲ್ಲಿನ ನೇಕಾರರ ಓಣಿಯಲ್ಲಿ ಮೊದಲ ಕೋಳಿ ಕೂಗುವ ಹೊತ್ತಿಗೆ ಜಲಾಲಸಾಬರು ಯಾರದೋ ಮಾಳಿಗೆಯ ಮೇಲಿರುತ್ತಾರೆ. ಲುಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಒಂದು ತಂತಿಯನ್ನು ಬೆರಳ ನಡುವೆ ಹಿಡಿದು, ಅದರ ಗುಂಟ ನಡೆಯುತ್ತಾರೆ. ಮಟ್ಟಸ ಮಣ್ಣಿನ ಛಾವಣಿ, ಮಾಳಿಗೆಗೆ ಮಾಳಿಗೆ ಅಂಟಿಕೊಂಡ ಓಣಿ ಅದು. ನೆಲಕ್ಕಿಳಿಯದೆ ಈ ತುದಿಯಿಂದ ಆ ತುದಿ ಮುಟ್ಟಬಹುದು. ಬೆಕ್ಕು ಹಾರಿ ತಂತಿ ಎಲ್ಲಿ ಹರಿದಿದೆ, ಯಾವ ಪುಣ್ಯಾತ್ಮರು ಅದರ ಮೇಲೆ ಹಸಿ ಧೋತರ ಒಣಹಾಕಿದ್ದಾರೆ ಎಂಬುದು ಬೆರಳಿಗೇ ತಿಳಿಯುತ್ತದೆ.

"ಏ ಜಲಾಲಾ, ಹಗೂರ ನಡಿಯೋ! ಮಣ್ಣು ಉದುರಿ ಹಾಲಾಗ ಬೀಳಾಕತ್ತೈತಿ." ಬೆಳಕಿಂಡಿಯೊಳಗಿಂದ ರಂಗವ್ವನವರ ದನಿ. "ನನ್ನ ಮನ್ಯಾಗ ನಿನ್ನ ಡಬ್ಬಿನೂ ಇಲ್ಲ. ಮಣ್ಣು ಮಾತ್ರ ದಿನಾ ನನಗ!"

"ಹೆಂಗೂ ಚಹಾ ಸೋಸ್ತೀರಲ್ಲರಿ ರಂಗವ್ವಾರ. ಮಣ್ಣೂ ಅದರಾಗ ನಿಲ್ತೈತಿ ಬಿಡ್ರಿ."

ಹರಿದ ತಂತಿಗೆ ಗಂಟು ಬಿತ್ತು. ಅತ್ತ ಅಂಗಡಿಯಲ್ಲಿ ಕುಳಿತ ಹೆಂಡತಿ ಜುಲೇಖಾ ಮೈಕಿನ ಮೇಲೆ ಬೆರಳಿನಿಂದ ಬಡಿಯುತ್ತಾರೆ. ಜಲಾಲಸಾಬರು ಮುಂದಿನ ಮನೆಯ ಬೆಳಕಿಂಡಿಗೆ ಬಗ್ಗಿ ಕೇಳುತ್ತಾರೆ: "ಸಪ್ಪಳ ಬಂತೇನ್ರಿ?" ಕೆಳಗಿನಿಂದ, ಇನ್ನೂ ಮುಖ ತೊಳೆಯದ ಯಾರದೋ ದನಿ: "ಬಂತು!" ಅವರು ಮುಂದಿನ ಮಾಳಿಗೆಗೆ ದಾಟುತ್ತಾರೆ.

ಜಲಾಲಸಾಬರದು ಮೈಕ್ ಸೆಟ್ ಅಂಗಡಿ. ಹಗಲು ಮದುವೆ, ಉರುಸು, ಪುರಾಣ, ಬಯಲಾಟ ಎಂದು ಕರೆದಲ್ಲಿಗೆ ಹೋಗಿ ಗಿಡಕ್ಕೆ ಹಾರ್ನ್ ಕಟ್ಟುತ್ತಾರೆ. ಮೊದಲೆಲ್ಲ ಪ್ರತಿ ರಾತ್ರಿ ಧಾರವಾಡ ಆಕಾಶವಾಣಿ ನಮಸ್ಕಾರ ಹೇಳಿ ಮಲಗಿದ ಮೇಲೆ ಅವರದೇ ಒಂದು ಟೇಶನ್ ಏಳುತ್ತಿತ್ತು. ಅದಕ್ಕೆ ಗಾಳಿಯಲ್ಲಿ ಹಾರುವ ಬಲವಿಲ್ಲ; ಮಾಳಿಗೆಗಳ ಮೇಲೆ ತಂತಿ ಹಿಡಿದು ನಡೆಯುತ್ತದೆ. ಚಹಾಪುಡಿ ಪೆಟ್ಟಿಗೆಯ ಹಲಗೆ ಕೊಯ್ದು, ಕೆಟ್ಟ ರೇಡಿಯೊಗಳ ಸ್ಪೀಕರ್ ಕೂರಿಸಿ ಅವರೇ ಮಾಡಿದ ಡಬ್ಬಿಗಳು ಮಗ್ಗದ ಮನೆಗಳಲ್ಲಿ ಗೂಟಕ್ಕೆ ನೇತಾಡುತ್ತವೆ. ತಂತಿಗಳೆಲ್ಲ ಕೂಡಿ ಮತ್ತೆ ಕವಲೊಡೆಯುವ ಜಾಗ ಗೆಳೆಯ ಹೊಳಬಸಪ್ಪನವರ ಮನೆಯ ನೆತ್ತಿ. ಓಣಿಗೆಲ್ಲ ಎತ್ತರದ ಮನೆ. ಅಲ್ಲಿ ನೆಟ್ಟ ಕಬ್ಬಿಣದ ಪೈಪಿಗೇ ಜನ 'ಟೇಶನ್' ಎಂದು ಹೆಸರಿಟ್ಟಿದ್ದಾರೆ.

ಇದನ್ನು ಹುಟ್ಟಿಸಿದ್ದು ನಿದ್ದೆ. ಬಾಗಲಕೋಟೆಯ ರೇಡಿಯೊ ಅಂಗಡಿಯೊಂದರಲ್ಲಿ ಕೆಲಸ ಕಲಿತು, ಎಪ್ಪತ್ನಾಲ್ಕರಲ್ಲಿ ಊರಿಗೆ ಬಂದು ಜಲಾಲಸಾಬರು ಅಂಗಡಿ ತೆರೆದ ಹೊಸತು. ದೀಪಾವಳಿ ಹತ್ತಿರವಿತ್ತು, ನೇಕಾರರು ಸರಿರಾತ್ರಿಯವರೆಗೂ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಸಾಲಿಯ ಗೆಳೆಯ ಹೊಳಬಸಪ್ಪ ಒಂದು ದಿನ ಕಣ್ಣುಜ್ಜುತ್ತ ಬಂದರು: "ಲೇ ಜಲಾಲ್ಯಾ, ರೇಡಿಯೊ ಮಕ್ಕೊಂಡ ಮ್ಯಾಲೆ ನನಗೂ ನಿದ್ದಿ ಬರ್ತೈತಲೇ. ಏನರೆ ಹಚ್ಚು." ಜಲಾಲಸಾಬರು ಅಂಗಡಿಯಿಂದ ಗೆಳೆಯನ ಮನೆಗೆ ಒಂದು ತಂತಿ ಎಳೆದರು. ಮರುದಿನ ಪಕ್ಕದ ಮನೆಯವರು ಬಂದು ಜಗಳ ತೆಗೆದರು, ನಮಗ್ಯಾಕಿಲ್ಲ ಎಂದು.

ಹಚ್ಚಿದ್ದಾದರೂ ಏನು? ಸಿನಿಮಾ ಪದ ರೇಡಿಯೊದಲ್ಲೇ ಬರುತ್ತಿತ್ತು. ಜಲಾಲಸಾಬರು ಮೈಕ್ ಕಟ್ಟಲು ಹೋದಲ್ಲೆಲ್ಲ ಟೇಪ್ ರೆಕಾರ್ಡರನ್ನೂ ಒಯ್ಯುತ್ತಿದ್ದರು. ಕಮತಗಿಯ ಭಜನೆಯವರ ತತ್ವಪದ, ಮೊಹರಮ್ಮಿನ ಹಾಡು, ದರ್ಗಾದ ಕವ್ವಾಲಿ, ಬಾದಾಮಿಯ ಮದುವೆಯೊಂದರಲ್ಲಿ ಊಟಕ್ಕೆ ಮೊದಲು ಯಾರಿಗೂ ಅಲ್ಲದೆ ತನ್ನಷ್ಟಕ್ಕೆ ನುಡಿಸುತ್ತ ಕುಳಿತಿದ್ದವನ ಕ್ಲಾರಿಯೊನೆಟ್ಟು. ರೇಡಿಯೊ ಎಂದೂ ಕರೆಯದವರೆಲ್ಲ ಇಲ್ಲಿ ಹಾಡಿದ್ದಾರೆ.

ಮಗ್ಗಕ್ಕೆ ಎಲ್ಲ ಹಾಡೂ ಒಗ್ಗುವುದಿಲ್ಲ ಎಂಬುದನ್ನು ಅವರು ಕಲಿತದ್ದು ಪೆಟ್ಟು ತಿಂದೇ. ಒಂದು ರಾತ್ರಿ ಉಮೇದಿನಲ್ಲಿ ಬ್ಯಾಂಡಿನವರ ಕುಣಿತದ ಪದ ಹಚ್ಚಿಬಿಟ್ಟರು. ಓಣಿಯ ಕೈಗಳೆಲ್ಲ ಅದರ ಹಿಂದೆ ಓಡಿದವು, ನೂಲು ಒತ್ತುವ ಹಣಿಗೆಯ ಬಡಿತ ಜೋರಾಯಿತು. ಆ ವಾರ ಸೀರೆ ವ್ಯಾಪಾರಿ ಕಳಕಪ್ಪ ಗದ್ದಿಗೆಯ ಮೇಲೆ ಒಂದೊಂದೇ ಸೀರೆ ಬಿಚ್ಚಿ ಬೆಳಕಿಗೆ ಹಿಡಿದರು. ಎಲ್ಲರ ಸೀರೆಯಲ್ಲೂ ಗೇಣುದ್ದ ನೇಯ್ಗೆ ದಟ್ಟ! "ಏನಪಾ ಇದು, ನಿಮ್ಮ ಜಲಾಲಸಾಬ ಬ್ಯಾಂಡ್ ಹಚ್ಚಿದ್ನೇನು?" ಎಂದು ಕಳಕಪ್ಪ ನಗೆಯಾಡಿದ್ದು ಖರೆಯೇ ಆಗಿತ್ತು. ಅಂದಿನಿಂದ ಯಾವ ಹಾಡನ್ನೂ ಮೊದಲು ಹೊಳಬಸಪ್ಪನವರ ಮಗ್ಗದ ಪಕ್ಕ ಕುಳಿತು, ಲಾಳಿಯ ಓಡಾಟಕ್ಕೆ ಹೊಂದಿಸಿ ನೋಡದೆ ಹಚ್ಚಿದವರಲ್ಲ.

ಓಣಿಗೆಲ್ಲ ಪ್ರೀತಿಯ ಹಾಡು ಮಾತ್ರ ಹೊರಗಿನದಲ್ಲ. ಹೊಳಬಸಪ್ಪನವರ ತಾಯಿ ಬಸಲಿಂಗವ್ವ ಬೆಳಗಿನ ಜಾವ ರಾಟಿ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತ ಹಾಡಿದ್ದು. ತವರಿನ ಹಾದಿಯ ಹಾಡು, ನಿಧಾನ ಸಾಗುತ್ತದೆ. ನಡುವೆ ಒಮ್ಮೆಲೆ ರಾಟಿ ನಿಂತು, "ಏ, ಆಡು ನೂಲಿಗೆ ಬಾಯಿ ಹಾಕೇತಿ, ಹೊಡೀರೆ ಅದನ್ನ!" ಎಂದು ಅವ್ವ ಕಿರುಚುತ್ತಾರೆ. ಆಡು 'ಮ್ಯಾ' ಎನ್ನುತ್ತದೆ. ಮತ್ತೆ ರಾಟಿ, ಮತ್ತೆ ಹಾಡು, ಬಿಟ್ಟಲ್ಲಿಂದಲೇ. "ಆಡಿನ ಭಾಗ ತಗದಹಾಕು, ಮಾನ ಹೋಗ್ತೈತಿ" ಎಂದು ಬಸಲಿಂಗವ್ವ ಎಷ್ಟು ಬೇಡಿಕೊಂಡರೂ ಜಲಾಲಸಾಬರು ಕೇಳಲಿಲ್ಲ. ಆ ಜಾಗ ಬಂತೆಂದರೆ ಮಗ್ಗದಲ್ಲಿದ್ದವರೆಲ್ಲ ಅವ್ವನ ಜೊತೆ ಬಾಯಿ ಕೂಡಿಸಿ ಆಡನ್ನು ಬೈಯುವುದು ರೂಢಿಯಾಗಿತ್ತು.

ಇಂಥ ಟೇಶನ್ನಿಗೆ ಕುತ್ತು ಬಂದದ್ದು ಪಾವರ್‌ಲೂಮಿನಿಂದ. ಒಬ್ಬೊಬ್ಬರೇ ಕುಣಿ ಮುಚ್ಚಿ ವಿದ್ಯುತ್ ಮಗ್ಗ ಕೂಡಿಸಿದರು. ಅದರ ಖಟಾಖಟ್ ಸದ್ದಿನಲ್ಲಿ ಎದುರಿಗೆ ನಿಂತವರ ಮಾತೇ ಕೇಳದು, ಡಬ್ಬಿಯ ಹಾಡು ಎಲ್ಲಿ ಕೇಳಬೇಕು? ಜನ ಡಬ್ಬಿಗಳನ್ನು ಟವೆಲ್ಲಿನಲ್ಲಿ ಸುತ್ತಿ, ಮುಖ ತಗ್ಗಿಸಿ ಅಂಗಡಿಗೆ ತಂದಿಟ್ಟು ಹೋದರು. ಮೊದಲು ತಂದವರು ರಂಗವ್ವ. "ಇರ್ಲಿ ಬಿಡ್ರಿ, ನನಗೂ ಮಾಳಿಗಿ ಹತ್ತೂದು ತಪ್ಪಿತು" ಎಂದರು ಜಲಾಲಸಾಬರು. ಆ ರಾತ್ರಿ ಅವರು ಉಣ್ಣಲಿಲ್ಲ ಎಂಬುದನ್ನು ಜುಲೇಖಾ ಹೇಳಬೇಕು. ಹೆಂಡತಿಯೇ ರಂಗವ್ವನ ಡಬ್ಬಿಯ ಸ್ಪೀಕರ್ ಬಿಚ್ಚಿಟ್ಟು, ಹುಲ್ಲು ಹಾಸಿ, ಕೋಳಿಗೆ ಮೊಟ್ಟೆಯಿಡಲು ಜಾಗ ಮಾಡಿಕೊಟ್ಟರು. "ಯಾರಿಗರೆ ಉಪಯೋಗ ಆಗ್ಲಿ. ಇವರಂತೂ ಡಬ್ಬಿ ಮುಂದ ಕುಂತು ಹೆಣದ ಮುಂದ ಕುಂತಂಗ ಕುಂತಿದ್ರು."

ಹೋದ ವರ್ಷ ಹೊಳಬಸಪ್ಪನೂ ಪಾವರ್‌ಲೂಮ್ ಹಾಕಿದರು. ಯಂತ್ರದ ನಡುಕಕ್ಕೆ ಮಾಳಿಗೆಯ ಮಣ್ಣು ಬಿಳಿ ನೂಲಿನ ಮೇಲೆ ಉದುರತೊಡಗಿತು. ಮಾಳಿಗೆ ಕಿತ್ತು ತಗಡು ಹೊದಿಸದೆ ಗತ್ಯಂತರವಿರಲಿಲ್ಲ. ಮಾಳಿಗೆ ಹೋದರೆ ಪೈಪು ಹೋಯಿತು, ಪೈಪು ಹೋದರೆ ಟೇಶನ್ ಮುಗಿಯಿತು. ಗೆಳೆಯನಿಗೆ ಅದನ್ನು ಹೇಳಲು ಹೊಳಬಸಪ್ಪನವರಿಗೆ ಬಾಯಿ ಬರಲಿಲ್ಲ. ಮಾಳಿಗೆ ಕೀಳಲು ಬಂದ ಗೌಂಡಿಯ ಕೈಯಲ್ಲಿ ಹೇಳಿ ಕಳಿಸಿದರು. "ಸೋಮವಾರ ನಾನ ಬಂದು ಬಿಚ್ಚತೇನಿ ಅಂತ ಹೇಳು" ಎಂದರು ಜಲಾಲಸಾಬರು.

ರವಿವಾರ ರಾತ್ರಿ ಅವರು ಕೊನೆಯ ಸಲವೆಂದು ಬಸಲಿಂಗವ್ವನ ಹಾಡು ಹಚ್ಚಿದರು. ಓಣಿ ತುಂಬ ಯಂತ್ರಗಳ ಸದ್ದು. ಕೇಳುವವರು ಇಬ್ಬರೇ, ಅವರು ಮತ್ತು ಜುಲೇಖಾ. ಹಾಡು ಅರ್ಧ ದಾರಿಗೆ ಬಂದಾಗ ಕರೆಂಟ್ ಹೋಯಿತು.

ಓಣಿಯ ಮಗ್ಗಗಳೆಲ್ಲ ಒಂದೇ ಏಟಿಗೆ ನಿಂತವು. ಆದರೆ ಜಲಾಲಸಾಬರ ಟೇಶನ್ ಮೊದಲಿನಿಂದಲೂ ಜೀಪಿನ ಹಳೆಯ ಬ್ಯಾಟರಿಯ ಮೇಲೆ ನಡೆಯುವಂಥದ್ದು. ಕತ್ತಲೆಯಲ್ಲಿ, ಉಳಿದಿದ್ದ ಡಬ್ಬಿಗಳಿಂದ ಬಸಲಿಂಗವ್ವನ ರಾಟಿ ಒಂದೇ ತಿರುಗುತ್ತಿತ್ತು. ಜನ ಕಟ್ಟೆಗೆ ಬಂದು ಕುಳಿತರು. ರಾಟಿ ನಿಂತಿತು. ಮರುಗಳಿಗೆ ಇಡೀ ಓಣಿ ಒಂದೇ ಕೊರಳಲ್ಲಿ ಕೂಗಿತು: "ಏ, ಆಡು ನೂಲಿಗೆ ಬಾಯಿ ಹಾಕೇತಿ, ಹೊಡೀರೆ ಅದನ್ನ!" ಡಬ್ಬಿ ತಿರುಗಿ ಕೊಟ್ಟ ರಂಗವ್ವನ ದನಿಯೇ ಎಲ್ಲರಿಗಿಂತ ಮೇಲೆ. ನಿದ್ದೆಗಣ್ಣಲ್ಲಿ ಎದ್ದುಬಂದ ಬಸಲಿಂಗವ್ವ, "ಎಲ್ಲೈತೆ ಆಡು?" ಎಂದು ಕೋಲು ಹುಡುಕಿದ್ದನ್ನು ಓಣಿ ಇಂದಿಗೂ ಹೇಳಿಕೊಂಡು ನಗುತ್ತದೆ.

ಸೋಮವಾರ ಜಲಾಲಸಾಬರು ಇಕ್ಕಳ ಹಿಡಿದು ಹೋದಾಗ ಹೊಳಬಸಪ್ಪ ಗೌಂಡಿಯ ಮೇಲೆ ರೇಗುತ್ತಿದ್ದರು: "ತಗಡಿನ ಮ್ಯಾಲೆ ಪೈಪ್ ನಿಲ್ಲಂಗಿಲ್ಲಪಾ, ಗ್ವಾಡಿಯೊಳಗ ಕೂಡಿಸು. ಗಟ್ಟಿ ಕೂಡಿಸು!" ಗೆಳೆಯನನ್ನು ಕಂಡು ದನಿ ಇಳಿಸಿದರು. "ಏನ್ ನೋಡ್ತೀಲೇ? ಹಿಡಿ ಬಾ ಈ ಕಡೆ."

ಈಗ ಟೇಶನ್ನಿಗೆ ಹೊತ್ತುಗೊತ್ತಿಲ್ಲ. ಕರೆಂಟ್ ಹೋದರೆ ಹಾಡು ಬರುತ್ತದೆ. ಹೊಸ ಲೈನ್ ಎಳೆಯುತ್ತಾರಂತೆ, ಆಮೇಲೆ ಕರೆಂಟ್ ಹೋಗುವುದೇ ಇಲ್ಲವಂತೆ ಎಂಬ ಸುದ್ದಿ ಹುನಗುಂದದಿಂದ ಬರುವವರ ಬಾಯಲ್ಲಿದೆ. ಅದು ಖರೆಯಾದರೆ? ಜಲಾಲಸಾಬರು ಪೈಪಿನ ತಂತಿ ಬಿಗಿಯುತ್ತ ಹೇಳುತ್ತಾರೆ: "ಕರೆಂಟ್ ಹೋಗ್ಲಿ ಅಂತ ನಾ ಎಂದೂ ಬೇಡಿಲ್ಲರಿ. ಅವರ ಮಗ್ಗ ನಿಂತ್ರ ಅವರ ಒಲಿ ನಿಲ್ತೈತಿ. ಅಮಾಸಿಗೆ ನೇಕಾರರು ಹೆಂಗೂ ಮಗ್ಗ ಮುಟ್ಟಂಗಿಲ್ಲ. ಅವತ್ತೊಂದು ರಾತ್ರಿ ನಾ ಹಾಡು ಹಚ್ತೇನಿ, ಮಂದಿ ಸ್ವಲ್ಪ ತಡಾ ಮಾಡಿ ಮಲಗಿದ್ರ ಸಾಕು, ಮತ್ತೇನೂ ಬ್ಯಾಡ ನನಗ."

ಮೂಡಣ ಕೆಂಪಾಗಿದೆ. ಮರಳಿ ಹೋಗುವಾಗ ರಂಗವ್ವನ ಬೆಳಕಿಂಡಿ ಮತ್ತೆ ಮಾತಾಡುತ್ತದೆ. "ಜಲಾಲಾ, ಬರೂ ಅಮಾಸಿಯೊಳಗ ನನ್ನ ಡಬ್ಬಿ ತಂದು ಹಾಕು. ಇಷ್ಟ ದಿನ ನಿನ್ನ ಮಣ್ಣು ಕುಡದೇನಿ."

ಜಲಾಲಸಾಬರು ಅಲ್ಲೇ ಕುಕ್ಕರುಗಾಲಲ್ಲಿ ಕೂರುತ್ತಾರೆ. "ನಿಮ್ಮ ಡಬ್ಬ್ಯಾಗ ಕೋಳಿ ಕಾವಿಗೆ ಕುಂತೈತ್ರಿ. ಒಂದು ವಾರ ತಡೀರಿ. ಮರಿ ಎದ್ದ ದಿನಾನ ತರ್ತೇನಿ."

"ಅಯ್ಯ ನನ ಶಿವನ! ಆಮ್ಯಾಲೆ ಹಾಡಿನ ನಡುವ ಕೋಳಿ ಕೂಗೀತೋ!"

"ಕೂಗ್ಲಿ ಬಿಡ್ರಿ. ನಮ್ಮ ಟೇಶನ್ನಿನಾಗ ಆಡು ಐತಿ, ಕೋಳೀನೂ ಇರ್ಲಿ."