ಮೇಸ್ತ್ರಿ ಸಹಿ ಹಾಕುವ ಮುನ್ನ
ಕಾರಿನ ಏಸಿ ಕೆಟ್ಟರೆ ಈ ಗ್ಯಾರೇಜಿನ ಮೇಸ್ತ್ರಿ ಮೀಟರು ಮುಟ್ಟುವವನಲ್ಲ. ಮಗುವಿನ ಜ್ವರ ನೋಡುವವರ ಹಾಗೆ ಗಾಳಿ ಬರುವ ಕಿಂಡಿಗೆ ಕೈ ಹಿಡಿದು ಕಣ್ಣು ಮುಚ್ಚುತ್ತಾನೆ. “ಕಂಪ್ರೆಸರ್ ಹೋಗಿದೆ ಸಾರ್. ವಾರಂಟಿ ಮುಂದುವರಿಸಿ ಅಂತ ಎಷ್ಟು ಬಡ್ಕೊಂಡೆ, ಕೇಳಿದ್ರಾ?” ಎಂದು ಸೋದರಮಾವನಂತೆ ಗದರುತ್ತಾನೆ. ಮುಂದುವರಿಸಿದವರ ಕಾರಿಗಂತೂ ಹೊಸ ಅಳಿಯನ ಉಪಚಾರ. ತನ್ನ ಕಾರಿಗೆ ಮಾತ್ರ, “ನಾನಿರುವಾಗ ವಾರಂಟಿ ಯಾಕೆ?” ಎಂದು ಜಂಬ ಕೊಚ್ಚಿಕೊಂಡಿದ್ದ; ಈಗ ಹೊಸ ಕಂಪ್ರೆಸರ್ ಕೈಗೆಟುಕದೆ ಮೂರು ಬೇಸಿಗೆಯಿಂದ ಗಾಜು ಇಳಿಸಿಕೊಂಡೇ ಓಡಾಡುತ್ತಾನೆ. ಅದಕ್ಕೇ ಇರಬೇಕು, ರಿಪೇರಿಯಾದ ಪ್ರತಿ ಕಾರೂ ಪರೀಕ್ಷೆಯ ನೆಪದಲ್ಲಿ ಸಂಜೆ ಬೇಕರಿಯ ಮುಂದೆ ನಿಲ್ಲುತ್ತದೆ. ದಿನವಿಡೀ ಅಲ್ಲಿನ ಒಲೆಯೆದುರು ಬೆಂದ ಹೆಂಡತಿ ಹತ್ತಿ ಕೂರುತ್ತಾಳೆ. “ತಣ್ಣಗಿದೆಯೇನೇ?” ಅವಳು ಹೂಂ ಅನ್ನದೆ ಅವನು ರಿಪೇರಿ ಚೀಟಿಗೆ ಸಹಿ ಹಾಕುವುದಿಲ್ಲ. ಅವಳು ಸೀಟಿಗೊರಗಿ, ಕಣ್ಣು ಮುಚ್ಚಿ, “ಯಾಕೋ ಅನುಮಾನ ಕಣ್ರೀ, ಇನ್ನೊಂದು ಸುತ್ತು ನೋಡೋಣ” ಅನ್ನುತ್ತಾಳೆ.