ಬಿದ್ದ ಬೈಕು ಮತ್ತು ಹತ್ತಿಮತ್ತೂರಿನ ಕಾಂಪೌಂಡರ್

ಎಲ್ಲರ ಅಂಗಿ ಮೊದಲು ಕಾಲರಿನಲ್ಲಿ ಹರಿಯುತ್ತದೆ. ಅವರದು ಬೆನ್ನಿನ ಮೇಲೆ ಹರಿಯುತ್ತಿತ್ತು. ಹೆಗಲಿನ ಎಲುಬು ತಾಗುವ ಎರಡೂ ಕಡೆ ಬಟ್ಟೆ ಸವೆದು ಜಾಳಾಗಿ ಒಳಗಿನ ಬನಿಯನ್ ಕಾಣುತ್ತಿತ್ತು. ಹೆಂಡತಿ ಒಳಗಿನಿಂದ ಇನ್ನೊಂದು ತುಂಡು ಕೊಟ್ಟು ಹೊಲಿದರೆ ನಾಲ್ಕು ತಿಂಗಳಿಗೆ ಅದೂ ಹೋಗುತ್ತಿತ್ತು. ದನದ ದವಾಖಾನೆಯಲ್ಲಿ ಕಾಂಪೌಂಡರ್ ಆಗಿ ದುಡಿದು ನಿವೃತ್ತರಾಗಿದ್ದರೂ ಹತ್ತಿಮತ್ತೂರಿನವರ ಬಾಯಲ್ಲಿ ಇನ್ನೂ ಕಾಂಪೌಂಡರೇ. ನೆಲ ಹಿಡಿದ ಎಮ್ಮೆಗೆ, ಎತ್ತಿಗೆ ಬೆನ್ನು ಕೊಟ್ಟು ಎಬ್ಬಿಸಿ ಎಬ್ಬಿಸಿ ಆ ಅಂಗಿಗಳಿಗೆ ಆ ಗತಿ ಬಂದಿತ್ತು. ಆಳು ಮಾತ್ರ ನನ್ನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ.

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅವರನ್ನು ಕಂಡ ಮೊದಲ ದಿನದಿಂದ ಹೆಚ್ಚುಕಡಿಮೆ ಒಂದು ವರ್ಷ ಅವರ ಹೆಸರು ಕೇಳಿದರೆ ನನ್ನ ಹೊಟ್ಟೆ ಉರಿಯುತ್ತಿತ್ತು.

ನನ್ನದು ಸವಣೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಆರಡಿ ಎತ್ತರ, ಅದಕ್ಕೆ ತಕ್ಕ ಮೈ. ಕಾಲೇಜಿನಲ್ಲಿ ಭಾರ ಎತ್ತುವ ಸ್ಪರ್ಧೆಯಲ್ಲಿ ಗೆದ್ದ ಪದಕ ಈಗಲೂ ಅಂಗಡಿಯ ಗಲ್ಲೆಯ ಹಿಂದೆ ಗಾಜಿನ ಚೌಕಟ್ಟಿನಲ್ಲಿದೆ. ನಲವತ್ತು ದಾಟಿದ ಮೇಲೆ ದೂರದ ಪ್ರವಾಸಕ್ಕೆಂದೇ ಮಾಡಿದ ದೊಡ್ಡ ಬೈಕೊಂದನ್ನು ಕೊಂಡೆ. ಎರಡೂವರೆ ಕ್ವಿಂಟಲ್ ತೂಗುವ ಗಾಡಿ. ಶಿಗ್ಗಾವಿಯ ಔಷಧ ಅಂಗಡಿಯ ಗೆಳೆಯ, ಹಾನಗಲ್ಲಿನ ಒಬ್ಬರು, ಹಿರೇಕೆರೂರಿನ ಇಬ್ಬರು ಮತ್ತು ನಾನು, ಹೀಗೆ ಐದು ಮಂದಿ ಭಾನುವಾರ ಬೆಳಗ್ಗೆ ಎಲ್ಲಾದರೂ ಹೋಗಿ ಬರುತ್ತಿದ್ದೆವು.

ಒಂದು ಭಾನುವಾರ ಗೆಳೆಯರು ಯಾರೂ ಇರಲಿಲ್ಲ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದೆ. ಹತ್ತಿಮತ್ತೂರು ಇನ್ನೇನು ಬಂತು ಅನ್ನುವಾಗ ಫೋನ್ ಬಂತು. ಗಾಡಿ ರಸ್ತೆಯ ಬದಿಗೆ ತಂದೆ, ಅವಳು ಇಳಿದಳು. ನಾನು ಬಲಗಾಲು ಊರಿದ್ದು ಸಡಿಲ ಜಲ್ಲಿಕಲ್ಲಿನ ಮೇಲೆ. ಕಾಲು ಜಾರಿತು, ಗಾಡಿ ಮೆಲ್ಲಗೆ, ನನಗೆ ಮರ್ಯಾದೆ ಕಳೆಯಲೆಂದೇ ಅಷ್ಟು ಮೆಲ್ಲಗೆ ಬಲಕ್ಕೆ ವಾಲಿ ಮಲಗಿತು.

ಹ್ಯಾಂಡಲ್ ಹಿಡಿದು ಎದೆಯುಬ್ಬಿಸಿ ಎತ್ತಿದೆ. ಮೊಣಕಾಲಿನವರೆಗೆ ಬಂದು ಬಿತ್ತು. ಮತ್ತೆ ಎತ್ತಿದೆ, ಮತ್ತೆ ಬಿತ್ತು. ಗೋವಿನಜೋಳದ ಹೊಲದಿಂದ ಇಬ್ಬರು ಬಂದು ಕೈಹಾಕಿದರು; ಮೂವರೂ ಮೂರು ಕಡೆ ಎಳೆದು ಕನ್ನಡಿ ಮುರಿದೆವು. ಅಷ್ಟರಲ್ಲಿ ಸಣ್ಣ ಆಳಿನ ಮುದುಕರೊಬ್ಬರು ಸೈಕಲ್ಲನ್ನು ಬೇವಿನ ಮರಕ್ಕೆ ಆನಿಸಿ ಬಂದು ನಿಂತರು.

"ಗಡಬಡ ಮಾಡಬ್ಯಾಡ್ರಿ ಸಾವಕಾರ್ರ. ಅದೇನ ಎದ್ದು ಓಡಿ ಹೋಗೂದಿಲ್ಲ," ಅಂದರು. "ಇಂಜಿನ್ ಬಂದ್ ಐತೇನ್ರಿ?"

"ಐತಿ," ಅಂದೆ.

ಗಾಡಿಯ ಸುತ್ತ ಒಂದು ಸುತ್ತು ಬಂದರು. ದನ ನೋಡುವವರ ಹಾಗೆ ಅಲ್ಲಲ್ಲಿ ಮುಟ್ಟಿ ನೋಡಿದರು. "ಗಾಲಿ ಉಳ್ಳದಂಗ ಹೆಂಗ ಮಾಡ್ತೀರಿ ಇದಕ್ಕ?" ಎಂದು ಕೇಳಿದರು. ಗೇರಿಗೆ ಹಾಕಬೇಕು ಅಂದೆ. ಹಾಕಿಸಿದರು. ಎಡಗಡೆಯ ಸ್ಟ್ಯಾಂಡನ್ನು ಮೊದಲೇ ಬಿಚ್ಚಿಸಿದರು: "ಎದ್ದ ಭರಕ್ಕ ಆ ಕಡೆ ಬೀಳಬಾರದು, ನೋಡ್ರಿ." ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿದರು. ಆಮೇಲೆ ಗಾಡಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತು, ಕುಂಡಿಯನ್ನು ಸೀಟಿನ ಅಂಚಿಗೆ ಒತ್ತಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಸರಳು ಹಿಡಿದು, ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಇಟ್ಟರು. ಒಂದು, ಎರಡು, ಮೂರು. ಏಳೆಂಟು ಹೆಜ್ಜೆಗೆ ಎರಡೂವರೆ ಕ್ವಿಂಟಲ್ ಎದ್ದು ಸ್ಟ್ಯಾಂಡಿನ ಮೇಲೆ ನಿಂತಿತು. ಅವರಿಗೆ ಏದುಸಿರೂ ಬಂದಿರಲಿಲ್ಲ. ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು.

ನನ್ನ ಹೆಂಡತಿ ಚಪ್ಪಾಳೆ ತಟ್ಟಿದಳು. ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಒಮ್ಮೆಯೂ ತಟ್ಟಿದವಳಲ್ಲ.

"ಕಾಕಾ, ಎಲ್ಲಿ ಕಲತ್ರಿ ಇದನ್ನ?" ಎಂದು ಕೇಳಿದಳು.

"ಎಮ್ಮಿ ಕಲಿಸಿದ್ವು ಯವ್ವಾ. ತೋಳಿಲೆ ಎಬ್ಬಸಾಕ ಹೋದ್ರ ಎಮ್ಮೀನೂ ಏಳೂದಿಲ್ಲ, ನಾವೂ ಏಳೂದಿಲ್ಲ. ಕಾಲಾಗ ಇರತೈತಿ ಶಕ್ತಿ."

ಹೇಳುವಾಗ ಅವರು ನನ್ನ ತೋಳುಗಳನ್ನು ನೋಡಲಿಲ್ಲ. ನೋಡಿದರು ಎಂದೇ ನನಗೆ ಅನಿಸಿತು.

ಅವಳು ಈ ಕತೆಯನ್ನು ಹೇಳದ ಮನೆ ಉಳಿಯಲಿಲ್ಲ. ಶಿಗ್ಗಾವಿಯ ಗೆಳೆಯನಿಗೂ ಅವಳೇ ಹೇಳಿದಳು. ಮುಂದಿನ ಭಾನುವಾರವೇ ಅವನು ಹತ್ತಿಮತ್ತೂರಿಗೆ ಹೋಗಿ ಕಾಂಪೌಂಡರ್ ಮನೆ ಹುಡುಕಿದ. ಅಲ್ಲಿಂದ ಎಲ್ಲ ಬದಲಾಯಿತು. ಭಾನುವಾರದ ಸವಾರಿ ಅಂದರೆ ಅವರ ಮನೆಯ ಹಿಂದಿನ ಕಣಕ್ಕೆ ಹೋಗುವುದು, ಬೈಕುಗಳನ್ನು ಬೇಕೆಂದೇ ಮಲಗಿಸುವುದು, ಅವರು ಹೇಳಿಕೊಟ್ಟಂತೆ ಎಬ್ಬಿಸುವುದು, ಅವರ ಹೆಂಡತಿ ಹುರಿದು ತಂದ ಶೇಂಗಾ ತಿಂದು ಬರುವುದು. ಹಿರೇಕೆರೂರಿನವರಲ್ಲಿ ಒಬ್ಬ, ಕಡ್ಡಿಯಂಥ ಆಸಾಮಿ, ತನ್ನ ಗಾಡಿ ತಾನೇ ಎಬ್ಬಿಸಿದ ವಿಡಿಯೊವನ್ನು ಎಲ್ಲರಿಗೂ ಕಳಿಸಿದ. ನಾನು ಅದನ್ನು ಪೂರ್ತಿ ನೋಡಲಿಲ್ಲ.

ನಾನು ಹೋಗುತ್ತಿದ್ದೆ, ಆದರೆ ಕಣದ ಅಂಚಿನಲ್ಲಿ ಹೆಲ್ಮೆಟ್ ಹಿಡಿದು ನಿಲ್ಲುತ್ತಿದ್ದೆ. "ಸಾವಕಾರ್ರ, ನೀವೂ ಒಮ್ಮೆ ಬರ್ರಲಾ," ಎಂದು ಅವರು ಪ್ರತಿ ಸಲ ಕರೆಯುತ್ತಿದ್ದರು. ನನಗೆ ಅದು ಬೇಕಿಲ್ಲ ಅನ್ನುವ ಹಾಗೆ ನಗುತ್ತಿದ್ದೆ. ಒಂದು ದಿನ ಗೆಳೆಯ ಅವರನ್ನು ಹಿಂದೆ ಕೂರಿಸಿಕೊಂಡು ಯಲವಿಗಿಯ ಸ್ಟೇಷನ್ನಿನವರೆಗೆ ಸುತ್ತಾಡಿಸಿ ತಂದ. ಇಳಿದಾಗ ಅವರ ಮುಖ ಅರಳಿತ್ತು. ನನಗೆ ಯಾರ ಮೇಲೆ ಹೆಚ್ಚು ಸಿಟ್ಟು ಬಂತೆಂದು ಈಗಲೂ ಹೇಳಲಾರೆ: ಅವರನ್ನು ಕೂರಿಸಿಕೊಂಡ ಗೆಳೆಯನ ಮೇಲೋ, ಕೂತ ಅವರ ಮೇಲೋ.

ಆಗ ನಾನೊಂದು ಕೆಟ್ಟ ಕೆಲಸ ಮಾಡಿದೆ.

ಒಂದು ಭಾನುವಾರ ಬಂಕಾಪುರದ ಕೋಟೆಯ ಹತ್ತಿರ ಸೇರುವುದೆಂದಾಯಿತು. ಕಾಂಪೌಂಡರನ್ನೂ ಕರೆತಾ ಎಂದು ಗೆಳೆಯನಿಗೆ ನಾನೇ ಹೇಳಿದೆ. ಬೆಳಗ್ಗೆ ಅಂಗಡಿ ತೆಗೆದು, ಸೀಟಿನ ಹಿಂದಿನ ದೊಡ್ಡ ಡಬ್ಬಿಯಲ್ಲಿ ಟ್ರ್ಯಾಕ್ಟರಿನ ಹಲ್ಲುಚಕ್ರಗಳನ್ನು ಹಿಡಿಸುವಷ್ಟು ತುಂಬಿ, ಸದ್ದಾಗದಂತೆ ಹಳೆ ಬಟ್ಟೆ ತುರುಕಿ ಕೀಲಿ ಹಾಕಿದೆ. ಕೋಟೆಯ ಪಕ್ಕ ಇಳಿಜಾರು ನೋಡಿ, ಎಲ್ಲರೂ ಬರುವ ಮೊದಲೇ ಗಾಡಿಯನ್ನು ಸೀಟು ಇಳಿಜಾರಿನ ಕೆಳಬದಿಗೆ ಬರುವಂತೆ ಮಲಗಿಸಿದೆ. ಜಾರಿತು ಅಂದೆ. ಅವರು ಎಲ್ಲರ ಮುಂದೆ ಒಮ್ಮೆ ಸೋಲಬೇಕು, ಅಷ್ಟೇ ನನ್ನ ಆಸೆ. ದೂರದಲ್ಲಿ ನವಿಲುಗಳು ಕೂಗುತ್ತಿದ್ದವು.

ಅವರು ಬಂದು ನೋಡಿ, "ತೆಳಗ ತಲಿ ಮಾಡಿ ಮಲಗೇತಿ. ಮೊದಲ ತಿರುಗಸೂಣು," ಎಂದು ನಾಲ್ವರಿಂದಲೂ ಗಾಡಿಯನ್ನು ನೆಲದ ಮೇಲೇ ತಿರುಗಿಸಿ ಸೀಟು ಮೇಲ್ಬದಿಗೆ ಬರುವಂತೆ ಮಾಡಿದರು. ನನ್ನ ಅರ್ಧ ಲೆಕ್ಕ ಅಲ್ಲಿಗೇ ಹೋಯಿತು. ಬೆನ್ನು ಕೊಟ್ಟು ಕೂತರು, ಒತ್ತಿದರು. ಗಾಡಿ ಗೇಣಷ್ಟೇ ಎದ್ದು, ಮುಂದೆ ಏಳದಾಯಿತು. ಅವರ ಕುತ್ತಿಗೆಯ ನರ ಉಬ್ಬಿದ್ದು ಕಂಡಿತು. ಮೆಲ್ಲಗೆ ಇಳಿಸಿದರು.

ಎದ್ದು ಹಿಂದೆ ಬಂದು ಡಬ್ಬಿಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದರು. ಹೊಟ್ಟೆಯುಬ್ಬರದ ದನಕ್ಕೆ ಬಡಿದು ನೋಡುವ ಹಾಗೆ. ಆಮೇಲೆ ನನ್ನ ಮುಖ ನೋಡಿದರು. ನಾನು ಕೋಟೆಯ ಕಂದಕ ನೋಡಿದೆ.

"ಗಾಲಿಗೆ ಒಡ್ಡಾಕ ನಾಕ ಕಲ್ಲ ಬೇಕ್ರಿ. ಚಪ್ಪಟಿ ಕಲ್ಲ ನೋಡಿ ತರ್ರಿ," ಎಂದು ಉಳಿದವರನ್ನು ಆಚೆ ಕಳಿಸಿದರು. ಗೆಳೆಯರು ದೂರ ಹೋದ ಮೇಲೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಕೀಲಿ ಕೊಡ್ರಿ," ಅಂದರು.

ಕೊಟ್ಟೆ. ಡಬ್ಬಿ ತೆಗೆದು ನೋಡಿದರು. "ಯಾರಿಗರೇ ಮುಟ್ಟಸಾಕ ತಂದಿದ್ರೇನು ಇವನ್ನ?"

"ಹೂಂ," ಅಂದೆ. ನನ್ನ ಸುಳ್ಳನ್ನು ಅವರೇ ಹುಡುಕಿ ಕೈಗೆ ಕೊಟ್ಟಿದ್ದರು.

ಇಬ್ಬರೂ ಸೇರಿ ಆ ಕಬ್ಬಿಣವನ್ನೆಲ್ಲ ಪೊದೆಯ ಹಿಂದೆ ಇಟ್ಟೆವು. ಗೆಳೆಯರು ಕಲ್ಲು ಹೊತ್ತು ಬಂದಾಗ, "ನನಗ ಇವತ್ತ ನಡಾ ಹಿಡದೈತಿ. ಸಾವಕಾರ್ರು ಎತ್ತತಾರ, ನಾ ಬರೇ ಹೇಳತೇನಿ," ಅಂದರು. ಎಲ್ಲರ ಮುಂದೆ ನಾನು ಮೊದಲ ಸಲ ಬೆನ್ನು ಕೊಟ್ಟು ಕೂತೆ. "ಎದಿ ಮ್ಯಾಲ ಮಾಡ್ರಿ. ಸಣ್ಣ ಹೆಜ್ಜಿ. ಇನ್ನೂ ಸಣ್ಣವು. ಹಂಗ," ಎಂದು ಅವರು ಹೇಳುತ್ತ ಹೋದರು, ಗಾಡಿ ಏಳುತ್ತ ಹೋಯಿತು. ಎದ್ದು ನಿಂತಾಗ ನಾಲ್ವರೂ ನನಗೆ ಚಪ್ಪಾಳೆ ತಟ್ಟಿದರು. ಒಂದು ವರ್ಷದಿಂದ ನನಗೆ ಬೇಕಾಗಿದ್ದದ್ದು ಅದೇ. ತಲೆ ಎತ್ತಿ ಅವರನ್ನು ನೋಡಲಾಗಲಿಲ್ಲ.

ನಡ ಹಿಡಿದದ್ದು ನೆಪ ಅಂದುಕೊಂಡಿದ್ದೆ. ನಾಲ್ಕು ದಿನದ ಮೇಲೆ ಗೆಳೆಯ ಫೋನ್ ಮಾಡಿ, ಕಾಂಪೌಂಡರ್ ಹಾಸಿಗೆ ಬಿಟ್ಟು ಎದ್ದಿಲ್ಲವಂತೆ ಅಂದ. ಅಂಗಡಿ ಮುಚ್ಚಿ ಒಬ್ಬನೇ ಹೋದೆ. ಅವರು ಪಡಸಾಲೆಯಲ್ಲಿ ಅಂಗಾತ ಮಲಗಿದ್ದರು. ಅವರ ಹೆಂಡತಿ ಎಣ್ಣೆ ಕಾಯಿಸಿ ತಂದವರು, "ಎಂಥಾ ಎಮ್ಮಿ ಎಬ್ಬಿಸಿದಾಗೂ ಹಿಂಗ ಆಗಿರಲಿಲ್ರಿ," ಎಂದು ಹೇಳಿ ಒಳಗೆ ಹೋದರು.

"ಕಾಕಾ, ಅವತ್ತ ಆ ಕಬ್ಬಣಾ ನಾನು..." ಎಂದು ಶುರುಮಾಡಿದೆ.

"ಗೊತ್ತೈತಿ ಬಿಡ್ರಿ," ಅಂದರು. ಆಮೇಲೆ ನಕ್ಕರು. "ನನಗ ಹೊಟ್ಟಿಕಿಚ್ಚ ಅಂದ್ರೇನು ಗೊತ್ತಿಲ್ಲಂತ ತಿಳದೀರೇನು? ನಿಮ್ಮಂಥಾ ಎತ್ತರದ ಆಳು ನೋಡಿದ್ರ ಈ ವಯಸ್ಸಿನಾಗೂ ಉರೀತೈತ್ರಿ. ಹೊಸದಾಗಿ ನೌಕರಿಗೆ ಸೇರಿದಾಗ ನನ್ನ ಜೋಡಿ ಒಬ್ಬ ಧಡಿಯ ಇದ್ದ. ಎಮ್ಮಿ ಬಾಲ ಹಿಡದು ಎತ್ತಿ ನಿಂದರಸತಿದ್ದ. ಮಂದಿ ಅವನನ್ನ ಕರೀತಿದ್ರು, ನನ್ನ ಕಡೆ ತಿರುಗೀನೂ ನೋಡತಿರಲಿಲ್ಲ. ಆ ಸಿಟ್ಟಿಗೇ ಬೆನ್ನ ಕೊಡೂದು ಕಲತೆ."

ಎದ್ದು ಬರುವಾಗ ಅವರ ಕಾಲು ಮುಟ್ಟಿದೆ. ಬ್ಯಾಡ ಬ್ಯಾಡ ಎಂದು ಕಾಲು ಎಳೆದುಕೊಳ್ಳಲು ಹೋಗಿ ನೋವಿಗೆ ಬೈದುಕೊಂಡರು.

ಅವರು ಎದ್ದು ಓಡಾಡುವಂತಾದ ಮೇಲೆ ಒಂದು ಭಾನುವಾರವೂ ತಪ್ಪಿಸಲಿಲ್ಲ ನಾನು. ಗೆಳೆಯರು ಬರದಿದ್ದ ದಿನ ಇನ್ನೂ ಖುಷಿ. ಅವರು ನನಗೊಬ್ಬನಿಗೇ ಸಿಗುತ್ತಿದ್ದರು. ಹಿಂದೆ ಕೂರಿಸಿಕೊಂಡು ಹಾನಗಲ್ಲಿನವರೆಗೂ ಹೋಗಿ ಬಂದೆವು. ಗಾಡಿ ಜೋರಾದರೆ ನನ್ನ ಹೆಗಲನ್ನು ಹಿಂಡುತ್ತಿದ್ದರು. ಹೀಗೆ ಒಂದು ವರ್ಷ. ಜೋಳದ ಕೊಯ್ಲಿನ ಹೊತ್ತಿಗೆ ಒಂದು ಬೆಳಗ್ಗೆ ಅವರಿಗೆ ಎದೆನೋವು ಬಂತು. ಹುಬ್ಬಳ್ಳಿಗೆ ಒಯ್ಯುವ ದಾರಿಯಲ್ಲೇ ಹೋಗಿಬಿಟ್ಟರು.

ನಾನು ಹೋದಾಗ ಮನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಸುತ್ತಲಿನ ನಾಲ್ಕು ತಾಲೂಕಿನ ರೈತರು ಬಂದಿದ್ದರು. ನಮ್ಮ ಗುಂಪಿನ ಐವರು ಅಲ್ಲಿ ಹೊಸಬರು, ಒಂದು ಮೂಲೆಯಲ್ಲಿ ನಿಂತೆವು. ಹಿರೇಕೆರೂರು ಕಡೆಯ ಮುದುಕನೊಬ್ಬ ಕಟ್ಟೆಯ ಮೇಲೆ ಸರಿದು ನನಗೆ ಜಾಗ ಕೊಟ್ಟ. ತನ್ನ ಎಮ್ಮೆ ಕರು ಹಾಕಿ ನೆಲ ಹಿಡಿದಾಗ ಕಾಂಪೌಂಡರ್ ಮೂರು ದಿನ ಅದರ ಪಕ್ಕದಲ್ಲೇ ಇದ್ದು, ತನ್ನ ಮನೆಯಲ್ಲೇ ಉಂಡು, ಎಬ್ಬಿಸಿಯೇ ಊರಿಗೆ ಮರಳಿದರು ಎಂದು ಹೇಳಿದ. ಆಮೇಲೆ ನನ್ನನ್ನು ನೋಡಿ, "ನಿಮ್ಮದು ಏನು ಎಬ್ಬಿಸಿದ್ರು?" ಎಂದು ಕೇಳಿದ.

ಗಾಡಿ ಅಂದೆ. ಮುದುಕ ನಗಲಿಲ್ಲ. ಹೌದಾ ಎಂದು ತಲೆಯಾಡಿಸಿದ.

ಮೂರು ದಿನ! ಅವನ ಮನೆಯಲ್ಲಿ ಮೂರು ಹಗಲು ಕಾಂಪೌಂಡರ್ ಉಂಡಿದ್ದಾರೆ, ಮಾತಾಡಿದ್ದಾರೆ. ನನ್ನ ಮನೆಗೆ ಒಮ್ಮೆಯೂ ಊಟಕ್ಕೆ ಬಂದವರಲ್ಲ; ನಾನು ಕರೆದಿರಲೂ ಇಲ್ಲ. ಆ ಅಂಗಳದಲ್ಲಿ ಸೇರಿದ್ದ ಪ್ರತಿಯೊಬ್ಬನಿಗೂ ಅವರು ನನಗಿಂತ ಹೆಚ್ಚು ಸಿಕ್ಕಿದ್ದರು. ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರ ಮುಖವನ್ನೂ ನೋಡಿದೆ, ಒಬ್ಬೊಬ್ಬರ ಮೇಲೂ ಹೊಟ್ಟೆ ಉರಿಯಿತು.